‘ಸರ್ವರ್ ಡೌನ್’ ಅಂದರೆ ನಿಜಕ್ಕೂ ಯಾವುದು ಡೌನ್?

‘ಸರ್ವರ್ ಡೌನ್ ಐತ್ರಿ, ಸಂಜಿಮುಂದ ಬರ್ರಿ.’ ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ಮಸ್ಕಿಯ ಸೇವಾ ಕೇಂದ್ರದಲ್ಲಿ ಸಾಲು ನಿಂತವರಿಗೆ ಈ ಮಾತು ಹೊಸದಲ್ಲ. ಮಸ್ಕಿಯಲ್ಲಿ ನೆಟ್ ಸರಿ ಇಲ್ಲ ಎಂದುಕೊಂಡು ಕೆಲವರು ಸಿಂಧನೂರಿಗೋ ಲಿಂಗಸುಗೂರಿಗೋ ಬಸ್ ಹತ್ತುತ್ತಾರೆ. ಅಲ್ಲೂ ಅದೇ ಉತ್ತರ ಸಿಕ್ಕಿದಾಗ ಬಸ್ ಚಾರ್ಜ್ ಮತ್ತು ಒಂದು ದಿನದ ಕೂಲಿ ಎರಡೂ ಹೋಗಿರುತ್ತವೆ. ಆ ಬಸ್ ಹತ್ತಬೇಕೋ ಬೇಡವೋ ಎಂಬುದನ್ನು ಕಂಪ್ಯೂಟರ್ ಪರದೆಯ ಮೇಲಿನ ಮೂರಂಕಿಯ ಸಂಖ್ಯೆಯೇ ಬಹುಮಟ್ಟಿಗೆ ಹೇಳುತ್ತದೆ.

ದೊಡ್ಡ ವೆಬ್‌ಸೈಟ್‌ನಲ್ಲಿ ‘ಸರ್ವರ್’ ಎಂಬುದು ಒಂದೇ ವಸ್ತುವಲ್ಲ. ತಾಲ್ಲೂಕು ಕಚೇರಿಯನ್ನು ನೆನಪಿಸಿಕೊಳ್ಳಿ. ಕಿಟಕಿಯಲ್ಲಿ ಕುಳಿತವರು ಅರ್ಜಿ ತೆಗೆದುಕೊಂಡು ಒಳಗೆ ಕಳಿಸುತ್ತಾರೆ. ಒಳಗಿನ ಗುಮಾಸ್ತರು ದಾಖಲೆ ಹುಡುಕಿ, ಕಾಗದ ತಯಾರಿಸಿ ಕಿಟಕಿಗೆ ವಾಪಸ್ ಕೊಡುತ್ತಾರೆ. ವೆಬ್‌ಸೈಟ್‌ನ ಕಿಟಕಿಯೇ ವೆಬ್ ಸರ್ವರ್. ಎಂಜಿನ್‌ಎಕ್ಸ್, ಅಪಾಚೆ ಇಂಥ ತಂತ್ರಾಂಶಗಳು. ಒಳಗಿನ ಗುಮಾಸ್ತರೆಂದರೆ ಅಪ್ಲಿಕೇಶನ್ ಎಂಜಿನ್. ಟಾಮ್‌ಕ್ಯಾಟ್, ಪಿಎಚ್‌ಪಿ-ಎಫ್‌ಪಿಎಂ ಈ ಜಾತಿಯವು. ದಾಖಲೆಗಳ ಕೋಣೆಯೇ ಡೇಟಾಬೇಸ್.

ನಾವು ‘ಡೌನ್’ ಎನ್ನುವಾಗ ಎಷ್ಟೋ ಸಲ ಕಿಟಕಿ ತೆರೆದೇ ಇರುತ್ತದೆ. ಕೆಟ್ಟಿರುವುದು ಕಿಟಕಿಗೂ ಒಳಗಿನವರಿಗೂ ನಡುವಿನ ಸಂಪರ್ಕ.

502 ಬಂದರೆ, ಕಿಟಕಿಯವರು ಒಳಗೆ ಹೋಗಿ ಕೇಳಿದರು, ಅರ್ಥವಾಗುವ ಉತ್ತರ ಸಿಗಲಿಲ್ಲ ಎಂದು ತಿಳಿಯಿರಿ. 503 ಬಂದರೆ ಸದ್ಯಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ ಎಂದರ್ಥ: ಜನ ಹೆಚ್ಚಾಗಿರಬಹುದು, ರಿಪೇರಿ ನಡೆದಿರಬಹುದು. 504 ಎಂದರೆ, ಒಳಗೆ ಕೊಟ್ಟು ಕಾದರು, ಹೊತ್ತಿಗೆ ಸರಿಯಾಗಿ ಉತ್ತರ ಬರಲಿಲ್ಲ. ಎಂಜಿನ್‌ಎಕ್ಸ್‌ನಲ್ಲಿ ಯಾರೂ ಬದಲಿಸದಿದ್ದರೆ ಈ ಕಾಯುವ ಅವಧಿ 60 ಸೆಕೆಂಡು. ಒಳಗೆ ಯಾರೂ ಇಲ್ಲದಿದ್ದಾಗ ಎಂಜಿನ್‌ಎಕ್ಸ್ 502 ಎನ್ನುತ್ತದೆ, ಅದೇ ಸ್ಥಿತಿಗೆ ಅಪಾಚೆ ಸಾಮಾನ್ಯವಾಗಿ 503 ಎನ್ನುತ್ತದೆ. ಹಾಗಾಗಿ ಈ ಎರಡರ ವ್ಯತ್ಯಾಸಕ್ಕೆ ಹೊರಗಿನವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮುಖ್ಯ ಸಂಗತಿ ಏನೆಂದರೆ, ಈ ಮೂರರಲ್ಲಿ ಯಾವುದೇ ಸಂಖ್ಯೆ ಕಂಡರೂ ನಿಮ್ಮ ನೆಟ್ ಬಹುತೇಕ ಚೆನ್ನಾಗಿದೆ. ನಿಮ್ಮ ಕೋರಿಕೆ ದೂರದ ಆ ಕಿಟಕಿವರೆಗೆ ಹೋಗಿ, ಉತ್ತರ ಹೊತ್ತು ವಾಪಸ್ ಬಂದಿದೆ. ಸಿಂಧನೂರಿನಿಂದ ಕೇಳಿದರೂ ಹೋಗುವುದು ಅದೇ ಕಿಟಕಿಗೆ. ಸಿಮ್ ಬದಲಿಸಿ, ಊರು ಬದಲಿಸಿ ಪ್ರಯೋಜನವಿಲ್ಲ. ಸಂಖ್ಯೆಯೇ ಇಲ್ಲದೆ ‘ಈ ಸೈಟ್ ತಲುಪಲಾಗುತ್ತಿಲ್ಲ’ ಎಂದು ಬ್ರೌಸರ್ ಹೇಳಿದರೆ ಮಾತು ಬೇರೆ. ಆಗ ಇನ್ನೊಂದು ಸೈಟ್ ತೆರೆದು ನೋಡಿ. ಅದೂ ತೆರೆಯದಿದ್ದರೆ ತೊಂದರೆ ನಿಮ್ಮ ಕಡೆಯದ್ದು. ಆಗ ಬೇರೆ ಸಿಮ್ ಅಥವಾ ಪಕ್ಕದ ಊರು ನೆರವಾಗಬಹುದು.

ಒಳಗಿನ ಸಂಪರ್ಕ ಕೆಡುವುದೇಕೆ? ಜನ ಒಮ್ಮೆಲೇ ನುಗ್ಗುವುದು ಒಂದು ಕಾರಣ. 2023ರ ಜೂನ್ 18ರಂದು ಗೃಹಜ್ಯೋತಿ, ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ರಾಜ್ಯದ ಉದ್ದಗಲಕ್ಕೂ ಸರ್ವರ್ ಸಮಸ್ಯೆಯ ಸುದ್ದಿಗಳು ಬಂದವು. ಲೆಕ್ಕ ಹೀಗಿದೆ. ಒಳಗೆ 50 ಗುಮಾಸ್ತರಿದ್ದು, ಒಬ್ಬೊಬ್ಬರು ಒಂದು ಅರ್ಜಿಗೆ ಅರ್ಧ ಸೆಕೆಂಡು ತೆಗೆದುಕೊಂಡರೆ ಸೆಕೆಂಡಿಗೆ 100 ಅರ್ಜಿ ಮುಗಿಯುತ್ತವೆ. ಡೇಟಾಬೇಸ್ ನಿಧಾನವಾಗಿ ಅದೇ ಕೆಲಸಕ್ಕೆ 5 ಸೆಕೆಂಡು ಹಿಡಿದರೆ ಮುಗಿಯುವುದು 10 ಮಾತ್ರ. ಉಳಿದ 90 ಸಾಲಿನಲ್ಲಿ ಬೀಳುತ್ತವೆ, ಮುಂದಿನ ಸೆಕೆಂಡಿಗೆ ಮತ್ತೆ 90. ಇದರ ಮೇಲೆ ನಾವೆಲ್ಲ ರಿಫ್ರೆಶ್ ಒತ್ತುತ್ತೇವೆ! ಪ್ರತಿ ಒತ್ತಿಗೂ ಹೊಸ ಅರ್ಜಿ ಸಾಲಿಗೆ ಸೇರುತ್ತದೆ, ಹಳೆಯದು ಒಳಗೆ ಕೆಲಸ ನಡೆಸುತ್ತಲೇ ಇರಬಹುದು. ಕಾಯುವ ಅವಧಿಯನ್ನು 60ರಿಂದ 300 ಸೆಕೆಂಡಿಗೆ ಏರಿಸುವ ನಿರ್ವಾಹಕರೂ ಇದೇ ತಪ್ಪು ಮಾಡುತ್ತಾರೆ: ಸಾಲು ಉದ್ದವಾಗುತ್ತದೆ, ಕೆಲಸ ಬೇಗ ಆಗುವುದಿಲ್ಲ. ಗೃಹಲಕ್ಷ್ಮಿಗೆ ಮೊದಲು ಎಸ್‌ಎಂಎಸ್‌ನಲ್ಲಿ ದಿನ, ಸಮಯ ಕೊಟ್ಟು ಕರೆದದ್ದು ಈ ದೃಷ್ಟಿಯಿಂದ ಜಾಣ ಉಪಾಯ.

ಜನಸಂದಣಿಯೇ ಇಲ್ಲದೆಯೂ ಸಂಪರ್ಕ ಕೆಡುತ್ತದೆ. ಸಣ್ಣ ಸೈಟ್ ನಡೆಸುವವರು ನೀವಾಗಿದ್ದರೆ ಯಾವುದನ್ನೂ ರೀಸ್ಟಾರ್ಟ್ ಮಾಡುವ ಮೊದಲು ವೆಬ್ ಸರ್ವರ್‌ನ ಎರರ್ ಲಾಗ್ ಓದಿ. ‘ಕನೆಕ್ಷನ್ ರಿಫ್ಯೂಸ್ಡ್’ ಎಂದಿದ್ದರೆ ಎಂಜಿನ್ ಸತ್ತಿದೆ, ಇಲ್ಲವೇ ಬೇರೆ ಪೋರ್ಟ್‌ನಲ್ಲಿ ಕುಳಿತಿದೆ. ‘ಟೈಮ್ಡ್ ಔಟ್’ ಎಂದಿದ್ದರೆ ನಡುವಿನ ಫೈರ್‌ವಾಲ್ ಅಥವಾ ನಿಧಾನದ ಡೇಟಾಬೇಸ್ ಮೇಲೆ ಅನುಮಾನಪಡಿ. ‘ಪರ್ಮಿಷನ್ ಡಿನೈಡ್’ ಎಂದಿದ್ದರೆ ಎಂಜಿನ್ ಆರೋಗ್ಯವಾಗಿಯೇ ಇರಬಹುದು. ರೆಡ್ ಹ್ಯಾಟ್ ಮಾದರಿಯ ಲಿನಕ್ಸ್‌ನಲ್ಲಿ ಎಸ್‌ಇಲಿನಕ್ಸ್ ಎಂಬ ಕಾವಲುಗಾರ ತಡೆದಿರುವ ಸಾಧ್ಯತೆ ಹೆಚ್ಚು.

2020ರಲ್ಲಿ ‘ಘೋಸ್ಟ್‌ಕ್ಯಾಟ್’ ಎಂಬ ಭದ್ರತಾ ದೋಷ ಪತ್ತೆಯಾದ ಮೇಲೆ ಟಾಮ್‌ಕ್ಯಾಟ್ 9.0.31ರಲ್ಲಿ ಎಜೆಪಿ ಎಂಬ ಒಳದಾರಿಯನ್ನು ಮೊದಲೇ ಮುಚ್ಚಿ ಕೊಡಲಾಯಿತು. ತೆರೆಯಬೇಕಿದ್ದರೆ ಎರಡೂ ಕಡೆ ಒಂದೇ ರಹಸ್ಯಪದ ಕೊಡಬೇಕು. ಇದನ್ನು ಓದದೆ ಅಪ್‌ಡೇಟ್ ಮಾಡಿದವರ ಅಪಾಚೆ, ನಿನ್ನೆವರೆಗೆ ಓಡುತ್ತಿದ್ದದ್ದು, ಇದ್ದಕ್ಕಿದ್ದಂತೆ 503 ಎನ್ನತೊಡಗಿತು. ‘ನಾವೇನೂ ಬದಲಿಸಿಲ್ಲ’ ಎಂದು ಯಾರಾದರೂ ಹೇಳಿದರೆ, ನಿನ್ನೆ ರಾತ್ರಿ ಏನು ಅಪ್‌ಡೇಟ್ ಆಯಿತು ಎಂದು ಕೇಳಿ.

ಇನ್ನು ದುಡ್ಡಿನ ಮಾತು. ಶುಲ್ಕ ಕಟ್ಟುವ ಬಟನ್ ಒತ್ತಿದ ಮೇಲೆ 504 ಬಂದರೆ ಕೆಲಸ ಆಗಿಲ್ಲ ಎಂದು ಬಹಳ ಜನ ತಿಳಿಯುತ್ತಾರೆ. 504 ಹಾಗೆ ಹೇಳುವುದೇ ಇಲ್ಲ. ಕಿಟಕಿಯವರು ಕಾದು ಸುಸ್ತಾದರು ಅಷ್ಟೇ, ಒಳಗಿನ ಗುಮಾಸ್ತರು ಆಮೇಲೆ ಕೆಲಸ ಮುಗಿಸಿರಬಹುದು. 502ರಲ್ಲೂ ಉತ್ತರ ಕೊಡುವ ಹೊತ್ತಿಗೆ ಎಂಜಿನ್ ಬಿದ್ದಿದ್ದರೆ ಇದೇ ಕಥೆ. ಮತ್ತೆ ಕಟ್ಟಿದರೆ ಎರಡು ಸಲ ಹಣ ಹೋಗಬಹುದು. ಮೊದಲು ಬ್ಯಾಂಕಿನ ಎಸ್‌ಎಂಎಸ್ ನೋಡಿ, ವಹಿವಾಟಿನ ಸಂಖ್ಯೆ ಬರೆದುಕೊಳ್ಳಿ. ಹತ್ತಿಪ್ಪತ್ತು ನಿಮಿಷ ಬಿಟ್ಟು ಅರ್ಜಿಯ ಸ್ಥಿತಿ ತೋರಿಸುವ ಪುಟ ತೆರೆಯಿರಿ. ಕೇಂದ್ರದವರು ‘ಇನ್ನೊಮ್ಮೆ ಕಟ್ರಿ’ ಎಂದರೆ, ಆ ಪುಟದಲ್ಲಿ ಮೊದಲಿನ ಅರ್ಜಿ ಕಾಣುತ್ತದೆಯೇ ಎಂದು ತೋರಿಸಲು ಹೇಳಿ. ಪರದೆಯ ಮೇಲಿನ ಸಂಖ್ಯೆಯ ಫೋಟೊ, ಸಮಯದ ಸಮೇತ, ನಿಮ್ಮ ಫೋನಿನಲ್ಲಿರಲಿ. ಹಣ ವಾಪಸ್ ಕೇಳುವಾಗ ಅದು ಬೇಕಾಗುತ್ತದೆ.