ಮೂರು ತಿಂಗಳಿಗೊಮ್ಮೆ ಬರುವ ಕರ್ಣ

ದಾನ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವವನು ಕರ್ಣ. ಬ್ರಾಹ್ಮಣನ ವೇಷದಲ್ಲಿ ಬಂದ ಇಂದ್ರ ಬೇಡುತ್ತಾನೆ; ಕರ್ಣ ಮೈಗಂಟಿದ ಕವಚವನ್ನು ಸುಲಿದು ಕೊಡುತ್ತಾನೆ. ಯಕ್ಷಗಾನದ ರಂಗಸ್ಥಳದಲ್ಲಿ, ಅಜ್ಜಿಯ ಕಥೆಯಲ್ಲಿ ಈ ಪ್ರಸಂಗವನ್ನು ನೋಡುತ್ತ ಕೇಳುತ್ತ ಬೆಳೆದವರಿಗೆ ದಾನವೆಂದರೆ ಬದುಕಿನಲ್ಲಿ ಒಮ್ಮೆ ನಡೆಯುವ, ನೋಡಿದವರು ಬಹುಕಾಲ ನೆನೆಯುವ ಸಂಗತಿ. ನಮ್ಮ ರಕ್ತದಾನ ಶಿಬಿರಗಳೂ ಹೆಚ್ಚುಕಡಿಮೆ ಇದೇ ಅಚ್ಚಿನವು. ನಾಯಕರೊಬ್ಬರ ಹುಟ್ಟುಹಬ್ಬಕ್ಕೋ, ಸಂಘದ ಬೆಳ್ಳಿಹಬ್ಬಕ್ಕೋ ಶಾಮಿಯಾನ ಏಳುತ್ತದೆ, ಫ್ಲೆಕ್ಸ್ ಕಟ್ಟುತ್ತಾರೆ, ಮಂಚದ ಮೇಲೆ ಮಲಗಿದವರ ಪಕ್ಕ ನಿಂತು ಗಣ್ಯರು ಫೋಟೊ ತೆಗೆಸಿಕೊಳ್ಳುತ್ತಾರೆ. ಕೊಟ್ಟವರಿಗೆ ಜ್ಯೂಸು, ಬಿಸ್ಕೆಟು, ಒಂದು ಸರ್ಟಿಫಿಕೇಟು. ಕೊಡಿಸಿದವರಿಗೆ ಶಾಲು, ಹಾರ. ಇದರಲ್ಲಿ ನಗುವಂಥದ್ದೇನೂ ಇಲ್ಲ, ಅಲ್ಲಿ ಹರಿದದ್ದು ನಿಜವಾದ ರಕ್ತವೇ. ಆದರೆ ಕರ್ಣನ ಕವಚ ಮತ್ತೆ ಬೆಳೆಯಲಿಲ್ಲ, ರಕ್ತ ಬೆಳೆಯುತ್ತದೆ. ಕವಚವನ್ನು ಇಂದ್ರ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದಿತ್ತು, ರಕ್ತವನ್ನು ಯಾರೂ ಇಟ್ಟುಕೊಳ್ಳಲಾರರು. ಈ ಎರಡು ವ್ಯತ್ಯಾಸಗಳನ್ನು ಗಂಭೀರವಾಗಿ ತೆಗೆದುಕೊಂಡರೆ ಸ್ವಯಂಸೇವೆಯ ಬಗ್ಗೆ ನಮ್ಮ ಕಲ್ಪನೆಯನ್ನೇ ತಿದ್ದಬೇಕಾಗುತ್ತದೆ. ರಕ್ತನಿಧಿಗೆ ಬೇಕಾದ ದಾನಿ ಬೆಳಗ್ಗೆ ಹಾಲು ಹಾಕುವವನಂಥವನು. ಅವನು ಬಂದದ್ದು ಸುದ್ದಿಯಾಗುವುದಿಲ್ಲ, ಬಾರದ ದಿನ ಮನೆಯವರೆಲ್ಲ ಬೀದಿ ನೋಡುತ್ತಾರೆ.

ಸಂಗ್ರಹಿಸಿದ ರಕ್ತವನ್ನು ಇದ್ದ ಹಾಗೆಯೇ ರೋಗಿಗೆ ಏರಿಸುವುದು ಈಗ ಕಡಿಮೆ. ಚೀಲವನ್ನು ಯಂತ್ರದಲ್ಲಿಟ್ಟು ವೇಗವಾಗಿ ತಿರುಗಿಸಿ ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸುತ್ತಾರೆ. ಕಡುಶೈತ್ಯದಲ್ಲಿ ಘನೀಕರಿಸಿದ ಪ್ಲಾಸ್ಮಾ ಒಂದು ವರ್ಷ ಉಳಿಯುತ್ತದೆ. ಕೆಂಪು ಕಣಗಳ ಆಯುಸ್ಸು, ಚೀಲದಲ್ಲಿರುವ ದ್ರಾವಣ ಯಾವುದು ಎಂಬುದರ ಮೇಲೆ, 35ರಿಂದ 42 ದಿನ. ಪ್ಲೇಟ್‌ಲೆಟ್‌ಗಾದರೋ ಬರೀ 5 ದಿನ. ಮಳೆಗಾಲದಲ್ಲಿ ಡೆಂಗಿ ಜ್ವರ ಏರಿದಾಗ ಊರೆಲ್ಲ ಪ್ಲೇಟ್‌ಲೆಟ್‌ಗೆ ಓಡಾಡುವುದು ಇದಕ್ಕೇ. ಈಗ ಒಂದು ಸಣ್ಣ ಲೆಕ್ಕ ಹಾಕೋಣ. ದಿನಕ್ಕೆ 20 ಚೀಲ ಖರ್ಚಾಗುವ ಆಸ್ಪತ್ರೆಯೊಂದಕ್ಕೆ ಒಂದೇ ಶಿಬಿರದಿಂದ 1000 ಚೀಲ ಬಂತೆನ್ನಿ. 35 ದಿನಗಳಲ್ಲಿ 700 ಚೀಲ ಮುಗಿಯುತ್ತದೆ, ಉಳಿದ 300 ಹಾಳಾಗುತ್ತದೆ, 36ನೆಯ ದಿನ ಫ್ರಿಜ್ಜು ಖಾಲಿ. ಇದು ಕಾಗದದ ಮೇಲಿನ ಲೆಕ್ಕ, ನಿಜ. ಹೆಚ್ಚಾದ ರಕ್ತವನ್ನು ಬೇರೆ ಕಡೆಗೆ ಕಳುಹಿಸಲು ಅವಕಾಶವಿದೆ. ಆದರೆ ಅಂದು ಅಕ್ಕಪಕ್ಕದ ತಾಲ್ಲೂಕುಗಳಲ್ಲೂ ಅದೇ ಹುಟ್ಟುಹಬ್ಬದ ಶಿಬಿರ ನಡೆದಿದ್ದರೆ ಕಳುಹಿಸುವುದೆಲ್ಲಿಗೆ? 2017ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದರಿಂದ ಹೊರಬಿದ್ದ ಅಂಕಿಅಂಶದಂತೆ, ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ದೇಶದ ರಕ್ತನಿಧಿಗಳು ಎಸೆದ ರಕ್ತ ಮತ್ತು ರಕ್ತದ ಅಂಶಗಳು 28 ಲಕ್ಷ ಯೂನಿಟ್‌ಗೂ ಹೆಚ್ಚು. ಇದೆಲ್ಲ ಶಿಬಿರಗಳ ತಪ್ಪಲ್ಲ. ಪರೀಕ್ಷೆಯಲ್ಲಿ ಸೋಂಕು ಕಂಡುಬಂದ ರಕ್ತವನ್ನು ಎಸೆಯಲೇಬೇಕು. ಆದರೂ ಅವಧಿ ಮೀರಿ ಹಾಳಾಗುವ ರಕ್ತವೂ, ಏಪ್ರಿಲ್–ಮೇ ತಿಂಗಳಲ್ಲಿ ಪರೀಕ್ಷೆ ಮುಗಿದು ಕಾಲೇಜುಗಳು ಮುಚ್ಚಿದೊಡನೆ ತಲೆದೋರುವ ಕೊರತೆಯೂ ಒಂದೇ ರೋಗದ ಎರಡು ಲಕ್ಷಣಗಳು. ನಾವು ಕೊಡುವುದು ಹಬ್ಬದ ಪಂಚಾಂಗ ನೋಡಿ. ಅಪಘಾತ, ಹೆರಿಗೆಯ ರಕ್ತಸ್ರಾವ, ಕ್ಯಾನ್ಸರ್ ಚಿಕಿತ್ಸೆಗಳಿಗೆ ಆ ಪಂಚಾಂಗ ಗೊತ್ತಿಲ್ಲ. ಥಲಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಬೇಸಿಗೆ ರಜೆಯಲ್ಲೂ.

ಸ್ವಯಂಪ್ರೇರಿತ ರಕ್ತದಾನದ ಮೂಲಕ್ಕೆ ಹೋದರೆ ಅಲ್ಲಿ ಕಾಣುವುದು ಶಾಮಿಯಾನವಲ್ಲ, ಒಂದು ದೂರವಾಣಿ. 1921ರ ಅಕ್ಟೋಬರಿನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಿಂದ ಕ್ಯಾಂಬರ್‌ವೆಲ್ ಬಡಾವಣೆಯ ರೆಡ್‌ಕ್ರಾಸ್ ಘಟಕಕ್ಕೆ ಕರೆ ಬಂತು: ರೋಗಿಯೊಬ್ಬರಿಗೆ ತುರ್ತಾಗಿ ರಕ್ತ ಬೇಕು. ಘಟಕದ ಕಾರ್ಯದರ್ಶಿ ಪರ್ಸಿ ಲೇನ್ ಆಲಿವರ್ ಮತ್ತು ಕೆಲವು ಸಂಗಾತಿಗಳು ಹೋದರು, ಅವರಲ್ಲೊಬ್ಬ ನರ್ಸಿನ ರಕ್ತ ಹೊಂದಿತು. ಅಷ್ಟಕ್ಕೇ ಬಿಟ್ಟಿದ್ದರೆ ಅದೊಂದು ಒಳ್ಳೆಯ ಕೆಲಸವಾಗಿ ಮುಗಿದುಹೋಗುತ್ತಿತ್ತು. ಆಲಿವರ್ ಮಾಡಿದ್ದು ಬೇರೆ. ಯಾರ ರಕ್ತ ಯಾವ ಗುಂಪಿನದು, ಅವರು ಎಲ್ಲಿ ಸಿಗುತ್ತಾರೆ ಎಂದು ಬರೆದ ಚೀಟಿಗಳ ಪೆಟ್ಟಿಗೆಯೊಂದನ್ನು ತಯಾರಿಸಿ, ಆಸ್ಪತ್ರೆಗಳು ಹಗಲಿರುಳು ಕರೆಮಾಡಬಹುದಾದ ಪಟ್ಟಿಯನ್ನಾಗಿ ಬೆಳೆಸಿದರು. ರಕ್ತವನ್ನು ಕೂಡಿಡುವ ಏರ್ಪಾಡು ಅಲ್ಲಿ ಇನ್ನೂ ಇರಲಿಲ್ಲ. ಕೂಡಿಟ್ಟದ್ದು ಜನರ ಸಿದ್ಧತೆಯನ್ನು. 1937ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ರಕ್ತ ಸಂಗ್ರಹಿಸಿಡುವ ವಿಭಾಗ ತೆರೆದು ಅದಕ್ಕೆ ‘ಬ್ಲಡ್ ಬ್ಯಾಂಕ್’ ಎಂದು ಕರೆದ ಮೇಲೆ ದಾನಿ ರೋಗಿಯ ಪಕ್ಕದಲ್ಲೇ ಇರಬೇಕಾದ ಅಗತ್ಯ ತಪ್ಪಿತು, ಶಿಬಿರ ಸಾಧ್ಯವಾಯಿತು. ಬ್ಯಾಂಕು ಎಂಬ ಹೆಸರು ಮಾತ್ರ ಸ್ವಲ್ಪ ದಾರಿತಪ್ಪಿಸುವಂಥದ್ದು. ಹಣದ ಬ್ಯಾಂಕಿನಲ್ಲಿ ಇಟ್ಟದ್ದು ಬೆಳೆಯುತ್ತದೆ, ಇಲ್ಲಿ ದಿನದಿನಕ್ಕೆ ಹಳತಾಗುತ್ತದೆ.

ನಮ್ಮ ದೇಶದಲ್ಲಿ ಆಲಿವರ್‌ರ ದಾನಿಗಳ ಪಟ್ಟಿಯ ಜಾಗವನ್ನು ಬಹುಕಾಲ ತುಂಬಿದ್ದವರು ದುಡ್ಡಿಗೆ ರಕ್ತ ಮಾರುವವರು. ಬಡತನ, ಕುಡಿತ, ಅಪೌಷ್ಟಿಕತೆಗಳಿಂದ ಕುಗ್ಗಿದ ದೇಹಗಳಿಂದ ಪದೇಪದೇ ತೆಗೆದ ರಕ್ತ ಕೊಟ್ಟವರಿಗೂ ಅಪಾಯ, ಪಡೆದವರಿಗೂ ಅಪಾಯ. ಕಾಮನ್ ಕಾಸ್ ಸಂಸ್ಥೆ ಹೂಡಿದ ದಾವೆಯಲ್ಲಿ 1996ರ ಜನವರಿ 4ರಂದು ಸುಪ್ರೀಂ ಕೋರ್ಟು ಈ ಪದ್ಧತಿಯನ್ನು ಎರಡು ವರ್ಷದೊಳಗೆ ಕೊನೆಗಾಣಿಸಬೇಕೆಂದು ಆದೇಶಿಸಿತು; 1998ರ ಜನವರಿ 1ರಿಂದ ರಕ್ತ ಮಾರುವುದು ನಿಷಿದ್ಧವಾಯಿತು. ಖಾಲಿಯಾದ ಜಾಗಕ್ಕೆ ಬಂದದ್ದು ‘ಬದಲಿ ರಕ್ತ’: ಒಂದು ಚೀಲ ಬೇಕಾದರೆ ನಿಮ್ಮ ಕಡೆಯವರೊಬ್ಬರನ್ನು ಕರೆತನ್ನಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ದೂರದ ಹಳ್ಳಿಯಿಂದ ಹೆಂಡತಿಯ ಹೆರಿಗೆಗೆಂದು ಬಂದ ಕೂಲಿಯವನಿಗೆ ಆ ನಗರದಲ್ಲಿ ಯಾರಿದ್ದಾರೆ? ಆಸ್ಪತ್ರೆಯ ಗೇಟಿನ ಹೊರಗೆ ದಲ್ಲಾಳಿ ಸಿಗುತ್ತಾನೆ, ಮಾರುವವನೇ ‘ಸೋದರಮಾವ’ನಾಗಿ ಒಳಗೆ ಬರುತ್ತಾನೆ. 2002ರ ರಾಷ್ಟ್ರೀಯ ರಕ್ತ ನೀತಿ ಈ ಬದಲಿ ಪದ್ಧತಿಯನ್ನೂ ಹಂತಹಂತವಾಗಿ ಬಿಡಬೇಕೆಂದು ಹೇಳಿತು. ಬಿಟ್ಟರೆ ಉಳಿಯುವುದು ಸ್ವಯಂಪ್ರೇರಿತ ದಾನಿ. ಅವರಲ್ಲೂ ಮತ್ತೆಮತ್ತೆ ಬರುವವರೇ ಎಲ್ಲರಿಗಿಂತ ಸುರಕ್ಷಿತರು. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಅದು ಕಾಣದೇ ಹೋಗಬಹುದು. ಪ್ರತಿ ಸಲವೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತ ಬಂದವರ ವಿಷಯದಲ್ಲಿ, ಮತ್ತು ಸುಳ್ಳು ಹೇಳಲು ಯಾವ ಒತ್ತಡವೂ ಇಲ್ಲದವರ ವಿಷಯದಲ್ಲಿ, ಆ ಭಯ ಬಹಳ ಕಡಿಮೆ.

ಹಾಗಾದರೆ ನಿಯಮಿತವಾಗಿ ಬರುವವರಿಗೆ ಏನಾದರೂ ಕೊಡಬಾರದೇಕೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಸಮಾಜನೀತಿಯ ವಿದ್ವಾಂಸ ರಿಚರ್ಡ್ ಟಿಟ್ಮಸ್ 1970ರಲ್ಲಿ ತಮ್ಮ ದೇಶದ ಉಚಿತ ದಾನವನ್ನು ಅಮೆರಿಕದ ಹಣದ ವ್ಯವಸ್ಥೆಯೊಡನೆ ಹೋಲಿಸಿ, ಕೊಂಡ ರಕ್ತದಲ್ಲಿ ಸೋಂಕು ಹೆಚ್ಚು, ವ್ಯರ್ಥವೂ ಹೆಚ್ಚು ಎಂದು ವಾದಿಸಿದರು. ಹಣ ಬಂದರೆ ಕೊಡುವ ಮನಸ್ಸೇ ಕುಗ್ಗುತ್ತದೆ ಎಂಬುದು ಅವರ ಇನ್ನೊಂದು ಮಾತು. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಅರ್ಧ ನಿಜವೆಂದು ತೋರಿಸಿತು: ಹಣದ ಮಾತೆತ್ತದಿದ್ದಾಗ ದಾನಿಗಳಾಗಲು ಒಪ್ಪಿದ ಹೆಂಗಸರು ಶೇ. 52, ಹಣ ಕೊಡುತ್ತೇವೆ ಎಂದಾಗ ಶೇ. 30, ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದೆಡೆ, ನಿಜವಾದ ಶಿಬಿರಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಅರ್ಥಶಾಸ್ತ್ರಜ್ಞರು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದೇನೆಂದರೆ, ಟೀ ಶರ್ಟು, ಕೂಪನ್ನುಗಳಂಥ ಉಡುಗೊರೆಗಳಿಂದ ಬಹುತೇಕ ಕಡೆ ದಾನ ಹೆಚ್ಚಾಗಿದೆ. ಟಿಟ್ಮಸ್‌ರ ಅಭಿಮಾನಿಗಳು ಈ ಪುರಾವೆಯನ್ನು ನುಂಗಿಕೊಳ್ಳಲೇಬೇಕು. ಆದರೆ ಅಮೆರಿಕದ ಶಿಬಿರಗಳ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಕಂಡಿತು: ಉಡುಗೊರೆಯಿದ್ದ ಶಿಬಿರಕ್ಕೆ ಹೆಚ್ಚಾಗಿ ಬಂದವರಲ್ಲಿ ಒಂದು ಪಾಲು ಪಕ್ಕದ ಶಿಬಿರಕ್ಕೆ ಹೋಗಬೇಕಿದ್ದವರು. ಒಂದು ಕೆರೆ ತುಂಬಿತು, ಇನ್ನೊಂದು ಇಳಿಯಿತು. ನನ್ನ ಮಟ್ಟಿಗೆ ಬಿಸ್ಕೆಟಿಗೂ ಟೀ ಶರ್ಟಿಗೂ ತಕರಾರಿಲ್ಲ. ಆದರೆ ಹಣದ ಬಾಗಿಲು ತೆರೆದರೆ ಮೊದಲು ಬರುವವರು ಯಾರೆಂಬುದು 1998ಕ್ಕೆ ಮುಂಚಿನ ನಮ್ಮ ಆಸ್ಪತ್ರೆಗಳಿಗೆ ಚೆನ್ನಾಗಿ ಗೊತ್ತಿತ್ತು. ಆ ಪಾಠವನ್ನು ಇನ್ನೊಮ್ಮೆ ಕಲಿಯಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಸಿಟ್ಟಿನದು: ನಾವು ಪುಕ್ಕಟೆ ಕೊಟ್ಟದ್ದನ್ನು ಅವರು ಮಾರುತ್ತಾರೆ. ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ. ಚೀಲ, ಪರೀಕ್ಷೆ, ಬೇರ್ಪಡಿಸುವಿಕೆ, ಶೈತ್ಯಾಗಾರಗಳಿಗೆ ತಗಲುವ ಸಂಸ್ಕರಣಾ ಶುಲ್ಕವನ್ನಷ್ಟೇ ಪಡೆಯಬೇಕು ಎಂದು ದೇಶದ ಔಷಧ ನಿಯಂತ್ರಣ ಅಧಿಕಾರಿಗಳು 2024ರ ಜನವರಿಯಲ್ಲಿ ಮತ್ತೆ ನೆನಪಿಸಬೇಕಾಯಿತು. ನೆನಪಿಸಬೇಕಾಯಿತು ಎಂಬುದರಲ್ಲೇ ದೂರು ಪೂರ್ತಿ ಸುಳ್ಳಲ್ಲ ಎಂಬ ಒಪ್ಪಿಗೆಯೂ ಇದೆ. ಇದಕ್ಕೆ ಉತ್ತರ ಕೊಡುವುದನ್ನು ನಿಲ್ಲಿಸುವುದಲ್ಲ, ರಸೀದಿ ಕೇಳುವುದು. ಕೊರತೆಯಿದ್ದಲ್ಲೇ ಸುಲಿಗೆ, ಫ್ರಿಜ್ಜು ತುಂಬಿರುವ ಊರಿನಲ್ಲಿ ದಲ್ಲಾಳಿಗೆ ಕೆಲಸವಿಲ್ಲ. ನಿಶ್ಶಕ್ತಿಯ ಭಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತೆಗೆಯುವುದು 350 ಅಥವಾ 450 ಮಿಲಿಲೀಟರು, ನೀರಿನಂಶ ಒಂದೆರಡು ದಿನದಲ್ಲೇ ತುಂಬಿಕೊಳ್ಳುತ್ತದೆ. ಕೆಂಪು ಕಣಕ್ಕೂ ಕಬ್ಬಿಣಾಂಶಕ್ಕೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಬಿಡುವು ಇಟ್ಟಿರುವುದು ಅದಕ್ಕಾಗಿ. ಹಾಗೆ ನೋಡಿದರೆ ನಿಯಮವೇ ಒಂದು ವೇಳಾಪಟ್ಟಿಯನ್ನು ಬರೆದುಕೊಟ್ಟಿದೆ: ವರ್ಷಕ್ಕೆ ನಾಲ್ಕು ಸಲ, ಇಲ್ಲವೇ ಮೂರು ಸಲ.

ಸಂಘಟಕರ ಮಾತನ್ನೂ ಕೇಳಬೇಕು. ಹಬ್ಬವಿಲ್ಲದಿದ್ದರೆ ಜನ ಬರುವುದಿಲ್ಲ, ಮೊದಲ ಸಲ ಸೂಜಿಗೆ ಹೆದರುವ ಹುಡುಗನಿಗೆ ಗೆಳೆಯರ ಗುಂಪೇ ಧೈರ್ಯ ಎನ್ನುತ್ತಾರೆ ಅವರು. ಸರಿ. ಜಾತ್ರೆಯಿಲ್ಲದ ದೇವರಿಗೆ ಭಕ್ತರು ಕಡಿಮೆ. ಜೂನ್ 14ರ ವಿಶ್ವ ರಕ್ತದಾನಿಗಳ ದಿನ (ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ), ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಇರುವುದೂ ಹೊಸಬರನ್ನು ಸೆಳೆಯಲಿಕ್ಕೇ. ತಕರಾರು ಇರುವುದು ಹಬ್ಬದ ಮೇಲಲ್ಲ, ಅಂದು ನಾವು ಎಣಿಸುವುದರ ಮೇಲೆ. ‘ಒಂದೇ ದಿನ ಇಷ್ಟು ಯೂನಿಟ್’ ಎಂಬ ದಾಖಲೆಯ ಬದಲು, ಹಿಂದಿನ ಶಿಬಿರಕ್ಕೆ ಬಂದವರಲ್ಲಿ ಎಷ್ಟು ಮಂದಿ ಮತ್ತೆ ಬಂದರು ಎಂದು ಫ್ಲೆಕ್ಸಿನಲ್ಲಿ ಬರೆಯುವ ಸಂಘ ಯಾವುದಿದೆ? ಸಾವಿರ ಜನರ ಒಂದು ಶಿಬಿರವನ್ನು ಎಂಬತ್ತು ಜನರ ಹನ್ನೆರಡು ಶಿಬಿರಗಳಾಗಿ ಒಡೆದು, ಒಂದಾದರೂ ಮೇ ತಿಂಗಳಲ್ಲಿ ಬೀಳುವಂತೆ ರಕ್ತನಿಧಿಯವರನ್ನು ಕೇಳಿ ದಿನ ಗೊತ್ತುಮಾಡುವುದು ಕಷ್ಟವೇನಲ್ಲ, ಹನ್ನೆರಡು ಸಲ ಫೋಟೊಗೆ ನಿಲ್ಲಲು ಗಣ್ಯರು ಸಿಗದಿರಬಹುದು ಅಷ್ಟೆ. ಹೀಗೆ ಒಡೆದಾಗ ಸ್ವಯಂಸೇವಕ ಎಂಬ ಮಾತಿನ ಅರ್ಥವೂ ಹಿಗ್ಗುತ್ತದೆ. ದಾನಕ್ಕೆ ಬೇಕಾದ ಹಿಮೋಗ್ಲೋಬಿನ್ 12.5 ಗ್ರಾಂ, ಗಂಡಸರಿಗೂ ಹೆಂಗಸರಿಗೂ ಒಂದೇ ಗೆರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಆಸೆಯಿಂದ ಬಂದು ಬೆರಳ ತುದಿಯ ಪರೀಕ್ಷೆಯಲ್ಲೇ ವಾಪಸಾಗುವ ಆ ಹುಡುಗಿಯರನ್ನು ನಾವು ಜ್ಯೂಸನ್ನೂ ಕೊಡದೆ ಕಳುಹಿಸುತ್ತೇವೆ. ಆದರೆ ಪಟ್ಟಿ ಇಟ್ಟುಕೊಂಡು, 90 ದಿನ ತುಂಬಿದವರಿಗೆ ಫೋನು ಮಾಡಿ ನೆನಪಿಸಲು ಹಿಮೋಗ್ಲೋಬಿನ್ ಬೇಕಾಗಿಲ್ಲ. ಆಲಿವರ್ ಮಾಡಿದ್ದೂ ಬಹುಪಾಲು ಅದನ್ನೇ. ರಕ್ತ ಹೊಂದಿಸಿಕೊಡುವ ಕೆಲಸದಿಂದ ಶುರುವಾದ ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಷನ್ ಥಲಸೇಮಿಯಾ ಮಕ್ಕಳ ಚಿಕಿತ್ಸೆಯವರೆಗೆ ಬೆಳೆದಿರುವುದನ್ನು ನೋಡಿದರೆ, ಕರೆಗೆ ಓಗೊಡುವ ಜನ ಒಂದೆಡೆ ನೆಲೆನಿಂತಾಗ ಕೆಲಸ ಎಲ್ಲಿಯವರೆಗೆ ಹೋಗಬಹುದೆಂದು ತಿಳಿಯುತ್ತದೆ.

ಇದೆಲ್ಲ ಸರ್ಕಾರದ ಕೆಲಸವಲ್ಲವೇ ಎನ್ನುವವರಿಗೆ ಅರ್ಧ ಹೌದು ಎನ್ನಬೇಕು. ಪರೀಕ್ಷಾಲಯ, ಫ್ರಿಜ್ಜು, ತಂತ್ರಜ್ಞರ ಸಂಬಳ, ಯಾವ ರಕ್ತನಿಧಿಯಲ್ಲಿ ಯಾವ ಗುಂಪು ಎಷ್ಟಿದೆ ಎಂದು ತೋರಿಸುವ ‘ಇ–ರಕ್ತಕೋಶ’ದಂಥ ಜಾಲ, ಇವನ್ನು ಸ್ವಯಂಸೇವಕರ ತಲೆಗೆ ಕಟ್ಟುವುದು ಹೊಣೆಗೇಡಿತನ. ಆದರೆ ರಕ್ತವನ್ನು ಇನ್ನೂ ಯಾವ ಕಾರ್ಖಾನೆಯೂ ತಯಾರಿಸುತ್ತಿಲ್ಲ. ಜನಸಂಖ್ಯೆಯ ಶೇ. 1ರಷ್ಟು ಯೂನಿಟ್ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಅಂದಾಜು. 2011ರ ಜನಗಣತಿಯ 6.11 ಕೋಟಿ ಹಿಡಿದರೆ ಕರ್ನಾಟಕಕ್ಕೆ ವರ್ಷಕ್ಕೆ ಸುಮಾರು 6.1 ಲಕ್ಷ ಯೂನಿಟ್. ವರ್ಷಕ್ಕೊಮ್ಮೆ ಕೊಡುವವರಾದರೆ ಆರು ಲಕ್ಷ ಜನ ಬೇಕು. ವರ್ಷಕ್ಕೆ ಮೂರು ಸಲ ಬರುವವರಾದರೆ ಎರಡು ಲಕ್ಷ ಸಾಕು.

ದಾನಿಗಳ ಪಟ್ಟಿಯಲ್ಲಿ ಒಂದು ವಿಚಿತ್ರ ಸಾಲೂ ಉಂಟು. 1952ರಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ ‘ಬಾಂಬೆ ರಕ್ತದ ಗುಂಪು’ ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಕಾಣುತ್ತದೆ. ಎಲ್ಲರಿಗೂ ಆಗುತ್ತದೆ ಎನ್ನುವ ‘ಓ’ ರಕ್ತವೂ ಇವರಿಗೆ ಆಗದು, ಇವರಿಗೆ ಇವರದೇ ಬೇಕು. ಇಂಥವರು ಶಿಬಿರಕ್ಕೆ ಹೋಗಿ ಸಾಲಿನಲ್ಲಿ ನಿಂತರೆ, ಬೇಡಿಕೆಯಿಲ್ಲದ ಆ ಚೀಲ 35 ದಿನಕ್ಕೆ ಕೆಟ್ಟುಹೋಗಬಹುದು. ಮರುದಿನವೇ ಎಲ್ಲೋ ಒಬ್ಬರಿಗೆ ಅದು ಬೇಕಾದರೆ, ಇವರು ಮತ್ತೆ ಕೊಡಲು ಮೂರು ತಿಂಗಳು ತುಂಬಿರುವುದಿಲ್ಲ. ಆದ್ದರಿಂದ ಅವರಿಂದ ಸಮಾಜಕ್ಕೆ ಬೇಕಾಗಿರುವುದು ಸದ್ಯಕ್ಕೆ ಕೊಡದಿರುವುದು: ಹೆಸರು ಬರೆಸಿ, ಆರೋಗ್ಯ ಕಾಪಾಡಿಕೊಂಡು, ಫೋನ್ ನಂಬರು ಬದಲಾದರೆ ರಕ್ತನಿಧಿಗೆ ತಿಳಿಸಿ, ಬಾರದೆಯೂ ಹೋಗಬಹುದಾದ ಒಂದು ಕರೆಗಾಗಿ ವರ್ಷಗಟ್ಟಲೆ ಸಿದ್ಧರಾಗಿರುವುದು. ಅವರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಇನ್ನೂ ಯಾರೂ ದಿನ ಗೊತ್ತುಮಾಡಿಲ್ಲ.