ಎಂಜಿನ್ನಿಗೂ ಬೇಕು ಕಂಬಳಿ

ಅಲಾಸ್ಕದ ಫೇರ್‌ಬ್ಯಾಂಕ್ಸ್ ಊರಿನಲ್ಲಿ ಚಳಿಗಾಲದ ಉಷ್ಣತೆ ಒಮ್ಮೊಮ್ಮೆ ಮೈನಸ್ 40 ಡಿಗ್ರಿಗೆ ಇಳಿಯುತ್ತದೆ. ಸೆಲ್ಸಿಯಸ್ ಎಂದರೂ ಸರಿ, ಫ್ಯಾರನ್‌ಹೀಟ್ ಎಂದರೂ ಸರಿ. ಎರಡು ಮಾಪಕಗಳೂ ಒಂದಾಗುವುದು ಅಲ್ಲಿಯೇ. ಆ ರಾಜ್ಯದ ಬಹಳಷ್ಟು ಹಳ್ಳಿಗಳಿಗೆ ರಸ್ತೆಯಿಲ್ಲ. ಅಂಚೆ, ದಿನಸಿ, ಔಷಧಿ, ಆಸ್ಪತ್ರೆಗೆ ಸಾಗಬೇಕಾದ ರೋಗಿ ಎಲ್ಲಕ್ಕೂ ಪುಟ್ಟ ವಿಮಾನವೇ ಗತಿ. ಆದರೆ ರಾತ್ರಿಯಿಡೀ ಬಯಲಲ್ಲಿ ನಿಂತ ವಿಮಾನವನ್ನು ಬೆಳಗಾದೊಡನೆ ಚಾಲೂ ಮಾಡುವಂತಿಲ್ಲ. ಮೊದಲು ಎಂಜಿನ್ನಿಗೆ ಕಾವು ಕೊಡಬೇಕು.

ಏಕೆಂದರೆ ಚಳಿಗೆ ಎಣ್ಣೆ ಜೋನಿಬೆಲ್ಲದಂತೆ ಮಂದವಾಗುತ್ತದೆ. ಜೊತೆಗೆ ಎಂಜಿನ್ನಿನ ಅಲ್ಯೂಮಿನಿಯಂ ಕವಚವು ಒಳಗಿನ ಉಕ್ಕಿನ ಕ್ರ್ಯಾಂಕ್‌ಶಾಫ್ಟ್‌ಗಿಂತ ಹೆಚ್ಚು ಕುಗ್ಗಿ, ಬೇರಿಂಗ್‌ಗಳ ಸಂದಿಯನ್ನು ಕಿರಿದಾಗಿಸುತ್ತದೆ. ಎಣ್ಣೆ ತೀರಾ ಅಗತ್ಯವಾದ ಹೊತ್ತಿನಲ್ಲೇ ಅದಕ್ಕೆ ದಾರಿ ಇಲ್ಲದಂತಾಗುತ್ತದೆ. ಈ ಸವೆತ ಅಂದೇ ಕಣ್ಣಿಗೆ ಬೀಳುವುದಿಲ್ಲ. ಮುಂದೊಂದು ದಿನ ಹಿಮದ ಬಯಲಿನ ಮೇಲೆ ಹಾರುವಾಗ ಕೈಕೊಟ್ಟೀತು. ಅದಕ್ಕೇ ಲೈಕಮಿಂಗ್ ಕಂಪನಿ ತನ್ನ ಬಹುತೇಕ ಎಂಜಿನ್‌ಗಳನ್ನು ಮೈನಸ್ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಕಾಂಟಿನೆಂಟಲ್ ಕಂಪನಿ ಮೈನಸ್ 7ಕ್ಕಿಂತ ಕೆಳಗೆ ಬಿಸಿ ಮಾಡಿಯೇ ಚಾಲೂ ಮಾಡಬೇಕೆನ್ನುತ್ತವೆ.

ಕಾರ್ಲ್ ಬೆನ್ ಐಲ್ಸನ್ 1924ರಲ್ಲಿ ಫೇರ್‌ಬ್ಯಾಂಕ್ಸ್‌ನಿಂದ ಮೆಕ್‌ಗ್ರಾತ್‌ಗೆ ವಿಮಾನದಲ್ಲಿ ಅಂಚೆ ಒಯ್ದ. ಅಂದಿನ ಪೈಲಟ್‌ಗಳು ರಾತ್ರಿ ಎಣ್ಣೆಯನ್ನು ಬಸಿದಿಟ್ಟುಕೊಂಡು, ಬೆಳಿಗ್ಗೆ ಒಲೆಯ ಮೇಲೆ ಕಾಯಿಸಿ ಸುರಿಯುತ್ತಿದ್ದರು. ಎಂಜಿನ್ನಿಗೆ ಕ್ಯಾನ್ವಾಸ್ ಹೊದಿಸಿ, ಕೆಳಗೆ ಸ್ಟೌ ಹಚ್ಚಿ ಕಾವಲು ಕೂರುತ್ತಿದ್ದರು. ಸ್ವಲ್ಪ ಮೈಮರೆತರೆ ವಿಮಾನವೇ ಬೆಂಕಿಗೆ ಆಹುತಿ!

ಇಂದು ಆಯ್ಕೆಗಳು ಹಲವು. ಎಣ್ಣೆಯ ತೊಟ್ಟಿಗೆ ಅಂಟಿಸುವ ವಿದ್ಯುತ್ ಪಟ್ಟಿ ಸರಳ, ಅಗ್ಗ. ಆದರೆ ಅದು ಬಿಸಿ ಮಾಡುವುದು ಮುಖ್ಯವಾಗಿ ಎಣ್ಣೆಯನ್ನು. ಮೇಲೆ ಹೊದಿಕೆಯಿಲ್ಲದೆ ದಿನಗಟ್ಟಲೆ ಬಿಟ್ಟರೆ ಎಣ್ಣೆಯಲ್ಲಿನ ತೇವ ಆವಿಯಾಗಿ, ಮೇಲಿನ ತಣ್ಣನೆಯ ಭಾಗಗಳಲ್ಲಿ ಹನಿಗಟ್ಟಿ ತುಕ್ಕು ಹಿಡಿಸೀತು. ಟ್ಯಾನಿಸ್, ರೀಫ್ ಮುಂತಾದ ಕಂಪನಿಗಳ ವ್ಯವಸ್ಥೆಗಳಲ್ಲಿ ಎಣ್ಣೆಯ ತೊಟ್ಟಿಯ ಜೊತೆಗೆ ಪ್ರತಿ ಸಿಲಿಂಡರ್‌ಗೂ ಕಾವು ಸಿಗುತ್ತದೆ. ಬೆಲೆ ಹೆಚ್ಚು, ಆದರೆ ಕೆಲವು ಗಂಟೆಗಳಲ್ಲಿ ಇಡೀ ಎಂಜಿನ್ ಸಮನಾಗಿ ಬೆಚ್ಚಗಾಗುತ್ತದೆ.

ವಿದ್ಯುತ್ತೇ ಇಲ್ಲದ ಹೆಪ್ಪುಗಟ್ಟಿದ ಕೆರೆಯ ಮೇಲೆ ಇಳಿದವರಿಗೆ ಪ್ರೊಪೇನ್ ಅನಿಲ ಉರಿಸಿ ಬಿಸಿಗಾಳಿ ಊದುವ ಯಂತ್ರವೇ ಆಸರೆ. ಇದು ಬೇಗ ಕೆಲಸ ಮಾಡುತ್ತದೆ. ಆದರೆ ಅವಸರ ಸಲ್ಲದು: ಹೊರಗೆ ಮುಟ್ಟಿದರೆ ಬಿಸಿ, ಒಳಗಿನ ಬೇರಿಂಗ್ ಇನ್ನೂ ಮಂಜು ಎಂಬ ಮೋಸ ಇಲ್ಲೇ ಆಗುವುದು. ಬೆಂಕಿಯ ಭಯವೂ ಇರುವುದರಿಂದ ಪಕ್ಕದಲ್ಲಿ ಆಳು ನಿಂತಿರಲೇಬೇಕು.

ಹೀಗಾಗಿ ಕೊಳ್ಳುವವರು ಬೆಲೆಪಟ್ಟಿ ನೋಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ವಿಮಾನ ರಾತ್ರಿ ತಂಗುವುದೆಲ್ಲಿ? ಪ್ಲಗ್ ಇರುವಲ್ಲಿಯಾದರೆ ಪೂರ್ಣ ವಿದ್ಯುತ್ ವ್ಯವಸ್ಥೆ, ಇಲ್ಲದಲ್ಲಿ ಬಿಸಿಗಾಳಿ. ಎರಡಕ್ಕೂ ಬೇಕಾದದ್ದು ಎಂಜಿನ್ನಿನ ಮೇಲೊಂದು ದಪ್ಪ ಹೊದಿಕೆ. ಕೊಟ್ಟ ಕಾವನ್ನು ಉಳಿಸುವುದು ಅದೇ.