ಹೊಸ ಲಿವರ್ ಬಂದ ಮೇಲೂ ಶುಗರ್ ಯಾಕೆ?

ಗಲ್ಫಿಗೆ ಹೊರಡುವವರ ಮೆಡಿಕಲ್‌ನಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯೂ ಇರುತ್ತದೆ. ಪಾಸಿಟಿವ್ ಬಂದರೆ ‘ಅನ್‌ಫಿಟ್’. ವೀಸಾ ಹೋಯಿತಲ್ಲಾ ಎಂಬ ಬೇಸರದಲ್ಲಿ ಆ ರಿಪೋರ್ಟ್ ಕಪಾಟು ಸೇರಿದರೆ ಕಾಯಿಲೆಯ ಮಾತೇ ಮರೆತುಹೋಗುತ್ತದೆ. ಅದೇ ದೊಡ್ಡ ನಷ್ಟ.

ಈ ವೈರಸ್‌ಗಳು ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ಲಿವರನ್ನು ಹಾಳು ಮಾಡಬಲ್ಲವು. ಕೆಲವರಿಗೆ ಕೊನೆಗೆ ಲಿವರ್ ಕಸಿಯೇ ಬೇಕಾಗುತ್ತದೆ. ಕಸಿ ಆಯಿತು, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವಾಗ, ಮೊದಲು ಶುಗರ್ ಇಲ್ಲದವರಿಗೂ ಶುಗರ್ ಬರುವುದುಂಟು.

ಯಾಕೆಂದರೆ, ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ಸ್ಟೀರಾಯ್ಡ್, ಟ್ಯಾಕ್ರೋಲಿಮಸ್ ಮುಂತಾದ ಮದ್ದು ಕೊಡುತ್ತಾರೆ. ಸ್ಟೀರಾಯ್ಡ್ ಇದ್ದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಟ್ಯಾಕ್ರೋಲಿಮಸ್ ಇನ್ಸುಲಿನ್ ಉತ್ಪತ್ತಿಯನ್ನೇ ಕಡಿಮೆ ಮಾಡುತ್ತದೆ. ಹೆಪಟೈಟಿಸ್ ಸಿ ವೈರಸ್ ಕೂಡ ಇನ್ಸುಲಿನ್ನಿಗೆ ಅಡ್ಡಿ. ಅದನ್ನು ಗುಣಪಡಿಸದೆ ಕಸಿ ಮಾಡಿದರೆ ಹೊಸ ಲಿವರಿಗೂ ಅದು ಹಬ್ಬುತ್ತದೆ, ಶುಗರಿನ ಅಪಾಯವೂ ಹೆಚ್ಚುತ್ತದೆ.

ಶುಗರ್ ಬಂತೆಂದು ಕಸಿಯ ಮದ್ದನ್ನು ಮಾತ್ರ ಯಾರೂ ತಾವಾಗಿ ನಿಲ್ಲಿಸಬಾರದು. ಲಿವರೇ ಕೈಬಿಟ್ಟೀತು. ಡಾಕ್ಟರು ಡೋಸ್ ಕಡಿಮೆ ಮಾಡುತ್ತಾ ಬಂದಂತೆ ಹಲವರಲ್ಲಿ ಶುಗರ್ ಇಳಿಯುತ್ತದೆ. ರಮಳಾನಿನಲ್ಲಿ ಉಪವಾಸ ಹಿಡಿಯುವ ಮೊದಲು ಅವರನ್ನೇ ಕೇಳಿ. ಮದ್ದಿನ ಹೊತ್ತು ತಪ್ಪಬಾರದು, ಶುಗರ್ ದಿಢೀರ್ ಇಳಿಯಲೂಬಾರದು. ರೋಗಿಗಳಿಗೆ ಕುರ್‌ಆನಿನ ಅಲ್ ಬಕರ ಅಧ್ಯಾಯದಲ್ಲೇ ರಿಯಾಯಿತಿ ಇದೆ.

ಸಮಾಧಾನದ ವಿಷಯವೆಂದರೆ, ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಲ್ಲಿ ಗುಣವಾಗುತ್ತದೆ. ಬಿ ಪೂರ್ತಿ ಹೋಗುವುದು ಅಪರೂಪ, ಆದರೆ ಮಾತ್ರೆಯಿಂದ ಹತೋಟಿಯಲ್ಲಿಡಬಹುದು. ಕೇಂದ್ರ ಸರಕಾರ 2018ರ ಜುಲೈ 28ರಂದು ಆರಂಭಿಸಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮದ್ದು ಎರಡೂ ಉಚಿತ. ಪುತ್ತೂರು, ಸುಳ್ಯ, ಕಡಬದವರು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ.

ಒಟ್ಟಿಗೆ ಕೂತು ಉಂಡರೆ ಈ ಎರಡೂ ಹರಡುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಇದೆ ಎಂದು ಬಟ್ಟಲು ಬೇರೆ ಇಡಬೇಕಾಗಿಲ್ಲ. ಬ್ಲೇಡ್, ಸೂಜಿ, ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆ ಇರಲಿ. ಬಿ ಇದ್ದರೆ ಗಂಡ ಹೆಂಡತಿ, ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಲಿ. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಲಸಿಕೆ ಹಾಕಿಸಿ.

‘ಅನ್‌ಫಿಟ್’ ಎಂದು ಬಂದ ರಿಪೋರ್ಟ್ ಮನೆಯಲ್ಲಿದ್ದರೆ ಈ ವಾರವೇ ಹೊರತೆಗೆದು ಡಾಕ್ಟರಿಗೆ ತೋರಿಸಿ. ಬೇಗ ಮದ್ದು ಶುರುವಾದರೆ ಕಸಿಯ ಹಂತಕ್ಕೇ ಹೋಗದೆ ಉಳಿಯಬಹುದು.